ಬಣ್ಣ ಹೋದ ಗಾಡ್ಜಿಲ್ಲಾನೇ ನನಗಿಷ್ಟ

ಜಪಾನಿ ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾದ ಹಳೆಯ ಬೊಂಬೆ ಕೊಳ್ಳುವುದಾದರೆ ಕವರ್ ಒಡೆಯದೇ ಇರುವುದನ್ನೇ ಕೊಳ್ಳಿ ಅಂತ ಬರೆದಿದ್ದೀರಿ. ನಾನಂತೂ ಒಪ್ಪಲ್ಲ. 1960ರ ದಶಕದಲ್ಲಿ ಮಾರುಸಾನ್, ಆಮೇಲೆ ಬುಲ್‌ಮಾರ್ಕ್ ಕಂಪನಿ ಮಾಡಿದ ಆ ಮೆತ್ತನೆ ವಿನೈಲ್ ಬೊಂಬೆಗಳು, ಜಪಾನಿನವರು ಸೋಫುಬಿ ಅನ್ನುತ್ತಾರಲ್ಲ, ಅವು ಮಕ್ಕಳು ಆಡಲಿ ಅಂತ ಮಾಡಿದ್ದು, ಗಾಜಿನ ಬೀರುವಿನಲ್ಲಿ ಇಡಲಿ ಅಂತ ಅಲ್ಲ. ಮೂಗಿನ ಮೇಲೆ ಬಣ್ಣ ಹೋಗಿದ್ದರೆ ಯಾವನೋ ಹುಡುಗ ಅದನ್ನು ಚೆನ್ನಾಗಿ ಗುದ್ದಾಡಿಸಿದ್ದಾನೆ ಅಂತ ಅರ್ಥ, ಅಷ್ಟೇ. ಸಿನಿಮಾದಲ್ಲಿ ಎಲ್ಲೂ ಕಾಣದ ಬಣ್ಣ ಬಳಿದಿರುತ್ತಾರೆ, ಅದೇ ಅದರ ಚಂದ ಅಲ್ವಾ?

ನಾನು ಟೋಕಿಯೋದಲ್ಲಿ, ಹಳೆಯ ಬೊಂಬೆ ಅಂಗಡಿಗಳಿರುವ ನಕಾನೋ ಬ್ರಾಡ್‌ವೇ ಮಳಿಗೆಯಿಂದ, ಬಂಡಾಯ್ ಅನ್ನೋ ಕಂಪನಿಯ ಒಂದು ಗಾಡ್ಜಿಲ್ಲಾ ತಂದೆ. ಕಾಲು ಸೊಟ್ಟ, ಅದಕ್ಕೇ ಅಗ್ಗ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ತಣ್ಣೀರಲ್ಲಿ ಹಿಡಿದೆ. ಈಗ ಸುಮ್ನೆ ನಿಂತಿದ್ದಾನೆ.

ಇನ್ನೊಂದು ಮಾತು, ನೀವು ಬರೆದೇ ಇಲ್ಲ. ಹಳೆಯ ಮಾದರಿಯಲ್ಲೇ ಹೊಸದಾಗಿ ಮಾಡಿದ ಬೊಂಬೆಗಳೂ ಮಾರುಕಟ್ಟೆಯಲ್ಲಿವೆ, ಹಾಗಾಗಿ ಜಾಸ್ತಿ ದುಡ್ಡು ಕೊಡುವ ಮೊದಲು ಪಾದದ ಅಡಿ ಇರುವ ಕಂಪನಿ ಗುರುತಿನ ಫೋಟೋವನ್ನು ಮಾರುವವರ ಹತ್ತಿರ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.