ಒಂದೇ ಪುಸ್ತಕದಲ್ಲಿ ಇಬ್ಬರ ಸಕ್ಕರೆ

ನಮ್ಮ ಬೆಕ್ಕಿನ ಹೆಸರು ಭೀಮ. 12 ವರ್ಷಗಳ ಹಿಂದೆ ಹಾಸನದ ಸಾಲಗಾಮೆ ರಸ್ತೆಯ ಚರಂಡಿಯ ಪಕ್ಕದಲ್ಲಿ ಅಂಗೈಯಗಲದ ಮರಿಯಾಗಿ ಸಿಕ್ಕಾಗ ಈ ಹೆಸರು ಹಾಸ್ಯವಾಗಿತ್ತು. ಸಂತಾನಹರಣದ ಶಸ್ತ್ರಚಿಕಿತ್ಸೆಯಾಗಿ, ನನ್ನಾಕೆಯ ಮೊಸರನ್ನ ಉಂಡು, ಇಡೀ ದಿನ ಕಿಟಕಿಯ ಕಟ್ಟೆಯ ಮೇಲೆ ಮಲಗಿ 7 ಕೆ.ಜಿ. ತೂಗತೊಡಗಿದ ಮೇಲೆ ಅದು ಬರಿಯ ವರದಿಯಾಯಿತು.

ಕಳೆದ ಮಳೆಗಾಲದಲ್ಲಿ ಅವನು ನೀರು ಕುಡಿಯುವುದನ್ನು ಒಂದು ವೃತ್ತಿಯನ್ನಾಗಿ ಸ್ವೀಕರಿಸಿದ. ಬಟ್ಟಲು ಸಾಲದೆ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿದ, ಅದೂ ಸಾಲದೆ ದೇವರ ಮನೆಯ ತೀರ್ಥದ ಪಂಚಪಾತ್ರೆಗೆ ಬಂದ. ಅವನ ಮರಳಿನ ತಟ್ಟೆಯನ್ನು ಎತ್ತಿ ಹೊರಗೆ ಒಯ್ಯುವುದು ಸಿಮೆಂಟು ಹೊರುವ ಕೆಲಸದಂತಾಯಿತು. ಊಟ ಹೆಚ್ಚಾಯಿತು, ಮೈ ಇಳಿಯಿತು. ಇವೆಲ್ಲವನ್ನೂ ನಾವು ಮುಪ್ಪಿನ ಲೆಕ್ಕಕ್ಕೆ ಬರೆದುಕೊಂಡೆವು. ಒಂದು ದಿನ ಅವನು ತುದಿಗಾಲಿನ ನಡಿಗೆಯನ್ನು ಬಿಟ್ಟು ಹಿಂಗಾಲುಗಳ ಹಿಮ್ಮಡಿಯನ್ನೇ ನೆಲಕ್ಕೆ ಊರಿ, ಹವಾಯಿ ಚಪ್ಪಲಿ ಎಳೆದುಕೊಂಡು ಹೋಗುವ ನಿವೃತ್ತ ಗುಮಾಸ್ತರಂತೆ ಪಡಸಾಲೆಯನ್ನು ದಾಟಿದಾಗ ಮಾತ್ರ ನನ್ನಾಕೆ, "ರೀ, ಇದು ವಯಸ್ಸಲ್ಲ ಕಣ್ರೀ" ಎಂದಳು.

ಪಶುವೈದ್ಯರು ರಕ್ತ ಪರೀಕ್ಷಿಸಿದರು; ಸಕ್ಕರೆ 400ರ ಮೇಲಿತ್ತು. ಆದರೆ ಹೆದರಿದ ಬೆಕ್ಕಿಗೆ ಆ ಹೆದರಿಕೆಯಿಂದಲೇ ಸಕ್ಕರೆ ಏರುತ್ತದೆಯೆಂದೂ, ಮನೆಯಿಂದ ಆಸ್ಪತ್ರೆಯವರೆಗೆ ಆಟೋದಲ್ಲಿ ಭೀಮ ಕೂಗಿಕೊಂಡದ್ದನ್ನು ಪರಿಗಣಿಸಿದರೆ ಈ ಒಂದು ಸಂಖ್ಯೆಯನ್ನು ನಂಬಲಾಗದೆಂದೂ ಹೇಳಿ, ಹಿಂದಿನ ಎರಡು ಮೂರು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೈನ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳುಹಿಸಿದರು. ಮೂತ್ರದಲ್ಲೂ ಸಕ್ಕರೆಯಿತ್ತು. ಎಲ್ಲವೂ ಕೂಡಿಬಂದು ಭೀಮನಿಗೆ ಸಕ್ಕರೆ ಕಾಯಿಲೆಯೆಂದು ತೀರ್ಮಾನವಾಯಿತು. ಹಿಮ್ಮಡಿಯ ನಡಿಗೆ ನರಗಳು ಸೊರಗಿದ್ದರ ಗುರುತಂತೆ.

ನನಗೂ 9 ವರ್ಷಗಳಿಂದ ಅದೇ ಕಾಯಿಲೆಯಿದೆ. ಆದರೆ ನಾನು ಅದನ್ನು ದುಡಿದು ಸಂಪಾದಿಸಿದವನು. ಮದುವೆ, ಮುಂಜಿ, ಗೃಹಪ್ರವೇಶಗಳೆನ್ನದೆ ಎಲೆಯ ತುದಿಯಲ್ಲಿ ಬಡಿಸಿದ ಯಾವ ಸಿಹಿಗೂ ಅವಮಾನ ಮಾಡಿದವನಲ್ಲ. ಬೆಕ್ಕಿನ ಕಥೆಯೇ ಬೇರೆ. ಸಿಹಿಯನ್ನು ಗುರುತಿಸುವ ನಾಲಿಗೆಯ ಅಂಗಕ್ಕೆ ಬೇಕಾದ ಒಂದು ಜೀನ್ ಬೆಕ್ಕಿನ ಕುಲದಲ್ಲೇ ಕೆಟ್ಟು ನಿಂತಿದೆಯೆಂದು 2005ರಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹೋಳಿಗೆಯನ್ನೂ ಹುಳಿಯನ್ನೂ ಸಿಹಿಯ ಲೆಕ್ಕದಲ್ಲಿ ಒಂದೇ ಎಂದು ಬಗೆಯುವ ಪ್ರಾಣಿಗೆ ಸಕ್ಕರೆ ಕಾಯಿಲೆ ಬರುವುದೆಂದರೆ, ಕುಡಿಯದವನಿಗೆ ಅಮಲೇರಿದಂತೆ.

ವೈದ್ಯರು ದಿನಕ್ಕೆರಡು ಬಾರಿ, 12 ಗಂಟೆಗಳ ಅಂತರದಲ್ಲಿ, ಒಂದೊಂದು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಲು ಹೇಳಿದರು. ಊಟ ಮಾಡಿದ ಮೇಲೆಯೇ ಕೊಡಬೇಕು, ಊಟ ಬಿಟ್ಟರೆ ಫೋನ್ ಮಾಡಿ ಕೇಳಬೇಕು. ಇದು ಮನುಷ್ಯರಿಗೆ ಕೊಡುವ ಔಷಧಿಯೇ ಆದ್ದರಿಂದ ನಾನು ಪ್ರತಿ ತಿಂಗಳು ನನ್ನ ಮಾತ್ರೆ ಕೊಳ್ಳುವ ಅಂಗಡಿಗೇ ಹೋದೆ. ಅಂಗಡಿಯವರು ಚೀಟಿಯನ್ನು ಪೂರ್ತಿ ಓದದೆ ನನ್ನ ಮುಖವನ್ನು ಮಾತ್ರ ಓದಿ, ಕೆಂಪು ಮುಚ್ಚಳದ ಸಿರಿಂಜುಗಳನ್ನು ತೆಗೆದಿಟ್ಟರು. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು ಭೀಮನದರಂತೆ 100 ಯೂನಿಟ್ ಇರುವುದಕ್ಕೆ. ಇದನ್ನು ಅದಲು ಬದಲು ಮಾಡಿ ಅದೇ ಗೆರೆಗೆ ಎಳೆದರೆ ಔಷಧಿ ಎರಡೂವರೆ ಪಟ್ಟಾಗುತ್ತದೆಂದು ವೈದ್ಯರು ಮೂರು ಸಲ ಹೇಳಿದ್ದರಿಂದ ನಾನು ಹಟ ಹಿಡಿದು ಕಿತ್ತಳೆಯದನ್ನೇ ತಂದೆ. ಆದರೆ ಸಂಜೆ ಮಹಾರಾಜ ಪಾರ್ಕಿಗೆ ಹೋಗುವಷ್ಟರಲ್ಲಿ ನನಗಿಂತ ಮೊದಲೇ ಸುದ್ದಿ ಅಲ್ಲಿ ಎರಡು ಸುತ್ತು ಹಾಕಿತ್ತು. "ಧೈರ್ಯವಾಗಿರಿ ಸಾರ್, ಇನ್ಸುಲಿನ್‌ಗೆ ಬಂದ ಮಾತ್ರಕ್ಕೆ ಎಲ್ಲಾ ಮುಗೀತು ಅಂತೇನಿಲ್ಲ" ಎಂದು ಒಬ್ಬರು ಬೆನ್ನು ಸವರಿದರು. ಬೆಕ್ಕಿಗೆಂದು ಹೇಳಿದರೆ ಇನ್ನೂ ಹೆಚ್ಚು ವಿವರಿಸಬೇಕಾದೀತೆಂದು ನಾನು ಆ ಸಾಂತ್ವನವನ್ನು ಮೌನವಾಗಿ ಸ್ವೀಕರಿಸಿದೆ.

ಒಂದು ಯೂನಿಟ್ ಎಂದರೆ ಒಂದು ಮಿಲಿಲೀಟರಿನ ನೂರರಲ್ಲೊಂದು ಪಾಲು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡರೂ ಅದು ಸಿರಿಂಜಿನಲ್ಲಿ ಇದೆಯೋ ಇಲ್ಲವೋ ಎಂಬ ಅನುಮಾನ ಹೋಗುವುದಿಲ್ಲ. ಮೊದಲ ದಿನ ನನ್ನಾಕೆ ಭೀಮನ ಮುಂದೆ ತಟ್ಟೆಯಿಟ್ಟಳು. ನಾನು ಹೆಗಲ ಬಳಿಯ ಚರ್ಮವನ್ನು ಗುಡಾರದಂತೆ ಎತ್ತಿ ಹಿಡಿದು, ಉಸಿರು ಕಟ್ಟಿ ಚುಚ್ಚಿದೆ. ಭೀಮ ತಲೆಯನ್ನೂ ಎತ್ತಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಮೆಚ್ಚುತ್ತಿರುವಾಗ ಹೆಬ್ಬೆರಳಿಗೆ ತಣ್ಣಗಾಯಿತು. ಸೂಜಿ ಗುಡಾರದ ಒಂದು ಬದಿಯಿಂದ ಹೊಕ್ಕು ಮತ್ತೊಂದು ಬದಿಯಿಂದ ಹೊರಬಂದು ಔಷಧಿಯನ್ನು ಕೂದಲಿಗೆ ಕುಡಿಸಿತ್ತು. ಮೂಸಿದರೆ ಹಳೆಯ ಬ್ಯಾಂಡೇಜಿನ ವಾಸನೆ. ಎಷ್ಟು ಒಳಗೆ ಹೋಯಿತೆಂದು ಗೊತ್ತಿಲ್ಲದಿದ್ದಾಗ ಮತ್ತೆ ಕೊಡಬಾರದೆಂಬುದು ನಿಯಮ. ಆದ್ದರಿಂದ ಆ ಹೊತ್ತು ಭೀಮ ಹೊರಗಿನಿಂದ ಮಾತ್ರ ಚಿಕಿತ್ಸೆ ಪಡೆದ.

ಊಟದ ವಿಷಯ ಇದಕ್ಕಿಂತ ಕಷ್ಟವಾಯಿತು. ಬೆಕ್ಕು ಹುಟ್ಟಾ ಮಾಂಸಾಹಾರಿ, ಅದಕ್ಕೆ ಅನ್ನ, ಬಿಸ್ಕತ್ತು, ಬೆಕ್ಕಿಗೆಂದು ಮಾರುವ ಹಿಟ್ಟು ಹೆಚ್ಚಿರುವ ಒಣ ಕಾಳಿನಂಥ ಆಹಾರ ಇವೆಲ್ಲ ಬೇಡವೆಂದ ವೈದ್ಯರು ಬೆಕ್ಕಿಗಾಗಿಯೇ ತಯಾರಾದ ಮೀನಿನ ಡಬ್ಬಿಗಳನ್ನು ಬರೆದುಕೊಟ್ಟರು. ಬರಿಯ ಬೇಯಿಸಿದ ಕೋಳಿಯಲ್ಲಿ ಬೆಕ್ಕಿಗೆ ಬೇಕಾದ ಎಲ್ಲವೂ ಸಿಗುವುದಿಲ್ಲವಂತೆ. ಈರುಳ್ಳಿಯೂ ಒಳಬಾರದ ನಮ್ಮ ಅಡುಗೆಮನೆಯಿಂದ ಹತ್ತು ಮೊಳ ದೂರದಲ್ಲಿ, ಹಿತ್ತಲ ಒಗೆಯುವ ಕಲ್ಲಿನ ಮೇಲೆ, ನನ್ನಾಕೆ ಮುಖವನ್ನು ತಿರುಗಿಸಿಕೊಂಡು ಡಬ್ಬಿ ತೆರೆಯುವ ದೃಶ್ಯವನ್ನು ನೋಡಿದವರು ಅದನ್ನು ಬಾಂಬು ನಿಷ್ಕ್ರಿಯಗೊಳಿಸುವ ಕೆಲಸವೆಂದು ತಿಳಿಯಬಹುದಿತ್ತು. ಹನ್ನೆರಡು ವರ್ಷ ಮೊಸರನ್ನದಲ್ಲಿ ಬೆಳೆದ ಭೀಮ ಮಾತ್ರ ಒಂದೇ ಹೊತ್ತಿನಲ್ಲಿ ಮತಾಂತರಗೊಂಡ.

ಹೀಗಿರುವಾಗ ಹಾಸನಾಂಬೆಯ ಬಾಗಿಲು ತೆರೆಯಿತು. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ಗುಡಿಯ ಬಾಗಿಲು ತೆರೆದರೆ ಅದರ ಜೊತೆಗೆ ಹಾಸನದ ಎಲ್ಲ ಮನೆಗಳ ಬಾಗಿಲೂ ತೆರೆಯುತ್ತವೆ. ವರ್ಷವಿಡೀ ಫೋನ್ ಮಾಡದ ನೆಂಟರು ದೇವಿಯ ದರ್ಶನಕ್ಕೆಂದು ಬಂದು ನಮ್ಮ ದರ್ಶನವನ್ನೂ ಮುಗಿಸುತ್ತಾರೆ. ಅಂದು ಸಂಜೆ ಮನೆಯಲ್ಲಿ 11 ಜನರಿದ್ದರು. ಏಳು ಗಂಟೆಗೆ ನಾನು ಭೀಮನಿಗೆ ಇನ್ಸುಲಿನ್ ಕೊಟ್ಟು ನೆಂಟರನ್ನು ಸರದಿಯಲ್ಲಿ ನಿಲ್ಲಿಸಿ ಬರಲು ಹೋದೆ. ಏಳೂಕಾಲಿಗೆ ನನ್ನಾಕೆ, ನನ್ನ ಮರೆವಿನ ಬಗ್ಗೆ ಅವಳಿಗಿರುವ ಅಚಲ ನಂಬಿಕೆಯಿಂದ, ಮತ್ತೊಮ್ಮೆ ಕೊಟ್ಟಳು.

ಒಂಬತ್ತೂವರೆಗೆ ಭೀಮ ಗೋಡೆಗೆ ಒರಗಿಕೊಂಡು ನಡೆಯುತ್ತಿದ್ದ. ಆಗ ಇಬ್ಬರ ಹೇಳಿಕೆಗಳನ್ನೂ ತಾಳೆ ನೋಡಿದೆವು. ನಗುವ ಸಂಗತಿಯಾಗಿರಲಿಲ್ಲ, ಸಕ್ಕರೆ ಏರಿದರೆ ನಿಧಾನವಾಗಿ ಕೆಡುಕು, ಇಳಿದರೆ ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು. ವೈದ್ಯರಿಗೆ ಫೋನ್ ಮಾಡಿದೆವು. ಅವರ ಮಾತಿನಂತೆ ಒಸಡಿಗೆ ಜೇನುತುಪ್ಪ ಸವರಿದೆವು, ಎಚ್ಚರವಿದ್ದ ಅವನಿಗೆ ಡಬ್ಬಿಯ ಊಟವನ್ನೂ ಇಟ್ಟೆವು. ಕೊಡಗಿನ ಒಳ್ಳೆಯ ಜೇನುತುಪ್ಪ, ನನಗೆ ಸಿಗದಿರಲೆಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟದ್ದು. ಭೀಮ ಬಾಯಿಗೆ ಗೋಂದು ಹಚ್ಚಿಸಿಕೊಂಡವನಂತೆ ಮುಖ ಮಾಡಿದ. ನಾನು ಬೆರಳನ್ನು ತೊಳೆಯಲಿಲ್ಲ. ಗಂಟೆಗೊಮ್ಮೆ ಕಿವಿಯಂಚನ್ನು ಚುಚ್ಚಿ ಸಕ್ಕರೆ ನೋಡುತ್ತ ಬೆಳಗು ಮಾಡಿದೆವು. ಐದು ಗಂಟೆಗೆ ಅವನು ಎದ್ದು, ಚಾಪೆಯ ಮೇಲೆ ಮಲಗಿದ್ದ ನಮ್ಮ ಷಡ್ಡಕರ ಎದೆಯ ಮೇಲೆ ಹಾದು, ಊಟ ಕೇಳಿದ.

ಮರುದಿನವೇ ನನ್ನಾಕೆ ಒಂದು ಲೆಕ್ಕದ ಪುಸ್ತಕ ತೆರೆದಳು. ಯಾರು ಕೊಟ್ಟರೂ ಕೂಡಲೇ ಬರೆಯಬೇಕು. ಪುಸ್ತಕದಲ್ಲಿ ಜಾಗ ಧಾರಾಳವಾಗಿದ್ದುದರಿಂದ ಬಲಪುಟದಲ್ಲಿ ನನ್ನ ಸಕ್ಕರೆಯನ್ನೂ ಬರೆಯತೊಡಗಿದಳು. ನಾನು ನನ್ನ ವೈದ್ಯರ ಬಳಿಗೆ ಅದನ್ನೇ ಹಿಡಿದುಕೊಂಡು ಹೋದೆ. ಅವರು ಎಡಪುಟವನ್ನು ತೆರೆದು ಗಂಭೀರವಾಗಿ ಓದಿದರು: "ಬೆಳಗ್ಗೆ 312. ಅರ್ಧ ಡಬ್ಬಿ ಮೀನು ತಿಂದ. ಸೂಜಿ ನೋಡಿ ಮಂಚದ ಕೆಳಗೆ ಅವಿತುಕೊಂಡ. ಎಳೆದಾಗ ಕಚ್ಚಿದ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಬರೆದವರು ಯಾರು?" ಎಂದರು. "ನಮ್ಮ ಮನೆಯವರು" ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿದ್ದ ಮರುಕ ಮೀನಿಗಾಗಿಯೋ, ಕಚ್ಚಿದ್ದಕ್ಕಾಗಿಯೋ, ಏಕವಚನಕ್ಕಾಗಿಯೋ ತಿಳಿಯಲಿಲ್ಲ. ನಾನು ಅವಸರದಿಂದ ಬಲಪುಟವನ್ನು ತೋರಿಸಿದೆ. ಅಲ್ಲಿ "ತಿಂದರು" ಎಂದು ಬಹುವಚನವಿತ್ತು. ಆದರೆ ತಿಂದದ್ದರ ಪಟ್ಟಿ ಎಡಪುಟಕ್ಕಿಂತ ಕೆಟ್ಟದಾಗಿತ್ತು.

ಸಂಕ್ರಾಂತಿಯ ವೇಳೆಗೆ ಭೀಮನ ಅಂಕಿಗಳು ಇಳಿಯುತ್ತ ಬಂದವು. ಬೇಗ ಚಿಕಿತ್ಸೆ ಶುರುವಾಗಿ ಹಿಟ್ಟಿನ ಊಟ ನಿಂತರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಗುವುದುಂಟಂತೆ. ವೈದ್ಯರು ಮೊದಲು ಅರ್ಧ ಯೂನಿಟ್ಟಿಗೆ ಇಳಿಸಿ, ಆಮೇಲೆ ನಿಲ್ಲಿಸಿಯೇಬಿಟ್ಟರು. ಕಾಯಿಲೆ ಮರಳಬಹುದು, ಕಿವಿ ಚುಚ್ಚುವುದನ್ನು ಬಿಡಬೇಡಿ ಎಂದರು. ಭೀಮ ಮತ್ತೆ ತುದಿಗಾಲಿನಲ್ಲಿ ನಡೆಯುತ್ತಿದ್ದಾನೆ. ಅದೇ ವಾರ ನನ್ನ ವೈದ್ಯರು ನನ್ನ ಮಾತ್ರೆಯನ್ನು ಒಂದರಿಂದ ಎರಡಕ್ಕೆ ಏರಿಸಿದರು.

ಉಳಿದ ಕಿತ್ತಳೆ ಮುಚ್ಚಳದ ಸಿರಿಂಜುಗಳ ಪೊಟ್ಟಣವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ನಾನು ಕೈಗೆತ್ತಿಕೊಂಡಾಗ, ಎಳ್ಳುಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಕ್ಕೆ ಏರಿಸುತ್ತಿದ್ದ ನನ್ನಾಕೆ ತಿರುಗಿ ನೋಡಿದಳು.

"ಇರ್ಲಿ ಬಿಡ್ರೀ. ಮನೇಲಿ ಇನ್ನೊಬ್ರು ಇದೀರಲ್ಲ."