ಡೆಮಾಕ್ರಸಿಗೆ ನಾಲ್ಕು ವರ್ಷ ಸ್ಟಡಿ ಹಾಲಿಡೇಸ್

ನಮ್ಮ ಭಾವ ಕುವೈತಿನಲ್ಲಿದ್ದಾರೆ. ಊರಿನ ರಾಜಕೀಯ ತೆಗೆದರೆ ಫೋನ್ ಇಡುವುದೇ ಇಲ್ಲ. ಆದರೆ ಕುವೈತಿನ ರಾಜಕೀಯ ಕೇಳಿ ನೋಡಿ, ತಕ್ಷಣ ಹವಾಮಾನ ಇಲಾಖೆ ಆಗಿಬಿಡುತ್ತಾರೆ. “ಇಲ್ಲಿ ಭಾರೀ ಧೂಳು ಮಾರಾಯ” ಎನ್ನುತ್ತಾರೆ. ತಪ್ಪು ಅವರದ್ದಲ್ಲ. ಅಮೀರ್ ಅಂದರೆ ಅಲ್ಲಿನ ದೊರೆ, ಅವರ ಬಗ್ಗೆ ಹಗುರವಾಗಿ ಮಾತಾಡಿದರೆ ಜೈಲು. ಜೇಬಿನಲ್ಲಿ ಅಲ್ಲಿನ ಗುರುತಿನ ಚೀಟಿ, ಸಿವಿಲ್ ಐಡಿ, ಇಟ್ಟುಕೊಂಡವನಿಗೆ ಧೂಳಿನ ಬಗ್ಗೆ ಮಾತಾಡುವುದೇ ಕ್ಷೇಮ.

2024ರ ಏಪ್ರಿಲ್ 4ರಂದು ಅಲ್ಲಿ ಚುನಾವಣೆ ನಡೆಯಿತು. ರಂಜಾನ್ ತಿಂಗಳಾದ್ದರಿಂದ ಮಧ್ಯಾಹ್ನ 12ಕ್ಕೆ ಮತದಾನ ಶುರು, ನಡುರಾತ್ರಿ 12ಕ್ಕೆ ಮುಕ್ತಾಯ. ಜನ ಉಪವಾಸ ಮುರಿದು ಬಂದು ಸಾಲಿನಲ್ಲಿ ನಿಂತರು. 50 ಜನ ಗೆದ್ದರು. ಮೊದಲ ಅಧಿವೇಶನ ಮೇ 14ಕ್ಕೆ ಎಂದು ಮುಂದೆ ಹೋಯಿತು. ಮೇ 10ರಂದು ಅಮೀರ್ ಶೇಖ್ ಮಿಶಾಲ್ ಟಿವಿಯಲ್ಲಿ ಬಂದು ಪಾರ್ಲಿಮೆಂಟನ್ನೇ ವಿಸರ್ಜಿಸಿದರು. ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಮನೆ ಯಜಮಾನ ಬೀಗ ಬದಲಾಯಿಸಿದ ಹಾಗೆ. ಗೆದ್ದವರು ಕುರ್ಚಿ ಮೆತ್ತಗಿದೆಯೋ ಗಟ್ಟಿಯಿದೆಯೋ ನೋಡುವ ಮೊದಲೇ ಮಾಜಿಗಳಾದರು.

ಅಷ್ಟಕ್ಕೇ ಮುಗಿಯಲಿಲ್ಲ. ಸಂವಿಧಾನದ ಕೆಲವು ಕಲಂಗಳೂ ಅಮಾನತಾದವು. ನಾಲ್ಕು ವರ್ಷ ಮೀರದ ಅವಧಿಗೆ, ಅಷ್ಟೇ. ಆ ನಾಲ್ಕು ವರ್ಷ ಏನು ಮಾಡುತ್ತಾರೆ? ಪ್ರಜಾಪ್ರಭುತ್ವವನ್ನು ಅಧ್ಯಯನ ಮಾಡುತ್ತಾರಂತೆ!

ನಾವು ಡಿಗ್ರಿ ಓದುವಾಗ ಪರೀಕ್ಷೆಗೆ ಮುಂಚೆ ಸ್ಟಡಿ ಹಾಲಿಡೇಸ್ ಕೊಡುತ್ತಿದ್ದರು. ಯಾರೂ ಓದುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಪುಸ್ತಕವಾದರೂ ನಮ್ಮ ಕೈಯಲ್ಲೇ ಇರುತ್ತಿತ್ತು. ಇಲ್ಲಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಆಮೇಲೆ ಓದಿಗೆ ಕೂತಿದ್ದಾರೆ. ನೀರು ಖಾಲಿ ಮಾಡಿದ ಕೆರೆಯ ದಡದಲ್ಲಿ ಕೂತು ಈಜು ಕಲಿತಂತೆ.

ಇದು ಮೊದಲ ಸಲವೇನೂ ಅಲ್ಲ. 1962ರಲ್ಲಿ ಸಂವಿಧಾನ ಬಂತು. 1976ರಲ್ಲಿ ಒಮ್ಮೆ ಪಾರ್ಲಿಮೆಂಟ್ ಮುಚ್ಚಿತು, 1986ರಲ್ಲಿ ಮತ್ತೊಮ್ಮೆ. ವಿಸರ್ಜಿಸಿದರೆ ಎರಡು ತಿಂಗಳೊಳಗೆ ಚುನಾವಣೆ ಮಾಡಬೇಕು ಅಂತ ಅದೇ ಸಂವಿಧಾನದಲ್ಲಿದೆ. ಆ ಕಲಮನ್ನೇ ಮಲಗಿಸಿಬಿಟ್ಟರೆ ಎರಡು ತಿಂಗಳು ಎಷ್ಟು ಬೇಕಾದರೂ ಉದ್ದ ಆಗುತ್ತದೆ, ಅಲ್ವಾ?

ನನಗೆ ಬಹಳ ಇಷ್ಟವಾದದ್ದು 2023ರ ಕಥೆ. 2020ರಲ್ಲಿ ಗೆದ್ದ ಪಾರ್ಲಿಮೆಂಟನ್ನು 2022ರಲ್ಲಿ ವಿಸರ್ಜಿಸಿ ಹೊಸ ಚುನಾವಣೆ ಮಾಡಿದರು. ಹೊಸಬರು ಬಂದು ಕೂತರು. 2023ರ ಮಾರ್ಚ್‌ನಲ್ಲಿ ಸಾಂವಿಧಾನಿಕ ಕೋರ್ಟು, ಆ ವಿಸರ್ಜನೆಯೇ ಸರಿಯಿಲ್ಲ, ಆದ್ದರಿಂದ ಚುನಾವಣೆಯೂ ಸರಿಯಿಲ್ಲ, ಹಳಬರು ವಾಪಸ್ ಬನ್ನಿ ಎಂದಿತು. ತಿಥಿ ಊಟ ಮುಗಿದ ಮೇಲೆ ಅಜ್ಜ ಗೇಟು ತಳ್ಳಿಕೊಂಡು ಒಳಗೆ ಬಂದ ಹಾಗಾಯಿತು. ಹಳೇ ಸ್ಪೀಕರ್ ಮರ್ಝೂಕ್ ಅಲ್ ಘಾನಿಮ್ 2022ರಲ್ಲಿ ಸ್ಪರ್ಧಿಸಿಯೇ ಇರಲಿಲ್ಲ. ಅವರಿಗೂ ಕುರ್ಚಿ ಮರಳಿ ಬಂತು. ಓಟು ಕೇಳದೆಯೇ! ಹೀಗೆ ಎದ್ದು ಬಂದ ಪಾರ್ಲಿಮೆಂಟನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ವಿಸರ್ಜಿಸಿದರು. ಅಜ್ಜನಿಗೆ ಎರಡನೇ ತಿಥಿ.

ಇಷ್ಟು ಓದಿ ಅಲ್ಲಿನ ಶಾಸಕರೆಲ್ಲ ಪಾಪದವರು ಅಂದುಕೊಳ್ಳಬೇಡಿ. ಜನ ಬ್ಯಾಂಕಿನಿಂದ ತೆಗೆದುಕೊಂಡ ಸಾಲವನ್ನು ಸರ್ಕಾರವೇ ತೀರಿಸಲಿ ಎಂದು ಹಟ ಹಿಡಿದವರು ಅವರು. 2023ರ ಜನವರಿಯಲ್ಲಿ ಆ ಜಗಳದ ನಡುವೆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಸಾಲ ಮನ್ನಾ ಅಂದರೆ ನಮಗೇನು ಹೊಸದಾ? ಆದರೆ ನಮ್ಮಲ್ಲಿ ಕಿತ್ತಾಡುವುದು ಪಕ್ಷಗಳು. ಅಲ್ಲಿ ಪಕ್ಷ ಕಟ್ಟಲು ಕಾನೂನೇ ಇಲ್ಲ. ಗೆದ್ದ 50 ಜನವೂ ಒಂಥರಾ ಪಕ್ಷೇತರರೇ. ಪ್ರಧಾನಿ ಮಾತ್ರ ಯಾವತ್ತೂ ಅಮೀರರ ಅಲ್ ಸಬಾಹ್ ಮನೆತನದವರು. ಮಂತ್ರಿಯನ್ನು ಸದನದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದಕ್ಕೆ ಅಲ್ಲಿ ಇಸ್ತಿಜ್ವಾಬ್ ಅನ್ನುತ್ತಾರೆ. ಮಂತ್ರಿ ಆ ಮನೆತನದವರೇ ಆಗಿದ್ದರೆ, ಪ್ರಶ್ನೆ ಕೇಳಿದ್ದು ಮಂತ್ರಿಗೋ ಮನೆತನಕ್ಕೋ? ಬಿಕ್ಕಟ್ಟು ಶುರುವಾಗುವುದೇ ಅಲ್ಲಿ.

ಪಕ್ಕದ ಸೌದಿಯಲ್ಲಿ ಈ ರಗಳೆಯೇ ಇಲ್ಲ. ದೊರೆಗೆ ಸಲಹೆ ಕೊಡುವ ಶೂರಾ ಕೌನ್ಸಿಲ್‌ನ 150 ಸದಸ್ಯರನ್ನೂ ದೊರೆಯೇ ನೇಮಿಸುತ್ತಾರೆ. ಓಟೂ ಇಲ್ಲ, ಗಲಾಟೆಯೂ ಇಲ್ಲ.

ಕುವೈತಿನ ಪಾರ್ಲಿಮೆಂಟ್ ಕಟ್ಟಡ ಮಾತ್ರ ಚೆಂದ. ಸಿಡ್ನಿಯ ಒಪೆರಾ ಹೌಸ್‌ಗೆ ನಕ್ಷೆ ಬರೆದ ಯೋರ್ನ್ ಉಟ್ಸೋನ್ ಅವರದೇ ವಿನ್ಯಾಸ. ಕಾಂಕ್ರೀಟಿನ ಚಾವಣಿಯನ್ನು ಮರುಭೂಮಿಯ ಡೇರೆಯಂತೆ ಇಳಿಬಿಟ್ಟಿದ್ದಾರೆ. ಡೇರೆ ಅಂದಮೇಲೆ ಯಾವಾಗ ಬೇಕಾದರೂ ಮಡಚಬಹುದು ಅಂತ ಯಾರಾದರೂ ತಿಳಿದುಕೊಂಡರೋ ಏನೋ.

ಪಾರ್ಲಿಮೆಂಟ್ ಮುಚ್ಚಿ ಮೂರು ವಾರ ಆಗಿತ್ತು. ಜೂನ್ 1ರಂದು ಹೊಸ ಯುವರಾಜನ ಹೆಸರು ಬಂತು, ಶೇಖ್ ಸಬಾಹ್ ಖಾಲಿದ್. ಯುವರಾಜನಿಗೆ ಸದನದ ಒಪ್ಪಿಗೆ ಬೇಕು ಅಂತ ಸಂವಿಧಾನದಲ್ಲಿದೆ. ಒಪ್ಪಿಗೆ ಕೊಡಲು ಸದನವೇ ಇರಲಿಲ್ಲವಲ್ಲ. ಯಾರೂ ಬೇಡ ಅನ್ನಲಿಲ್ಲ.

ಇದನ್ನೆಲ್ಲ ಬರೆದು ಭಾವನಿಗೆ ವಾಟ್ಸಾಪ್ ಮಾಡಿ, ಸರಿ ಉಂಟಾ ಎಂದು ಕೇಳಿದೆ. ಎರಡು ನೀಲಿ ಗೆರೆ ಬಂತು. ತುಂಬಾ ಹೊತ್ತಿನ ಮೇಲೆ ಉತ್ತರವೂ ಬಂತು.

“ಇವತ್ತು 48 ಡಿಗ್ರಿ ಮಾರಾಯ.”