ರೋಕಾ ಅಂದ್ರೆ ರೊಕ್ಕ ಅಲ್ಲ ಮಾವ

ನಮ್ಮ ಮೈದುನನ ಮದುವೆ ಒಂದು ಒತ್ತಕ್ಷರದ ದೆಸೆಯಿಂದ ಮುರಿದು ಬೀಳೋದ್ರಲ್ಲಿತ್ತು. ಹುಡುಗಿ ಪಂಜಾಬಿನ ಜಲಂಧರ್ ಕಡೆಯವಳು, ಇಬ್ಬರಿಗೂ ಬೆಂಗಳೂರಲ್ಲಿ ಒಂದೇ ಆಫೀಸು, ಎರಡು ವರ್ಷ ‘ಬರೀ ಫ್ರೆಂಡು’ ಅಂತ ಹೇಳ್ಕೊಂಡು ಓಡಾಡಿ ಕೊನೆಗೂ ಮನೇಲಿ ಬಾಯಿ ಬಿಟ್ಟಿದ್ರು. ಒಂದು ಭಾನುವಾರ ಹುಡುಗಿ ಅಪ್ಪ ಹುಬ್ಬಳ್ಳಿಗೆ ಫೋನ್ ಮಾಡಿದ್ರು, ನಮ್ಮ ಮಾವ ಎಲ್ಲರಿಗೂ ಕೇಳ್ಲಿ ಅಂತ ಸ್ಪೀಕರ್ ಹಾಕಿದ್ರು. ಆ ಕಡೆಯಿಂದ ದೊಡ್ಡ ದನಿ: "ಕುಡಮ್ ಜೀ, ಪೆಹಲೇ ರೋಕಾ ಹೋ ಜಾಯೇ, ಬಾಕಿ ಸಬ್ ಬಾದ್ ಮೇ!"

ಮಾವನ ಮುಖ ಕೆಂಪಗಾಯ್ತು. ಅತ್ತೆ ಕಡೆ ತಿರುಗಿ, "ಎಂಥಾ ಮಂದಿ ಇವ್ರು, ಮೊದ್ಲ ರೊಕ್ಕಾ ಆಗ್ಲಿ, ಉಳದದ್ದು ಆಮ್ಯಾಲ ಅಂತಾರ!" ಅಂದ್ರು. ರೊಕ್ಕ ಕೊಡಬೇಕಾದವರು ಯಾರು ತಗೋಬೇಕಾದವರು ಯಾರು ಅನ್ನೋದು ಕೂಡ ಕೇಳಲಿಲ್ಲ, ಹುಬ್ಬಳ್ಳಿ ಹಿಂದಿಯಲ್ಲಿ ಒಂದೇ ಏಟಿಗೆ "ಹಮಾರೇ ಮೇ ರೊಕ್ಕಾ-ಗಿಕ್ಕಾ ಕುಛ್ ನಹೀ" ಅಂತ ಫೋನ್ ಇಟ್ಟುಬಿಟ್ರು. ಅಲ್ಲಿ ಅವರು, ಹುಡುಗನ ಮನೆಯವರಿಗೆ ಸಂಬಂಧ ಬೇಡವಂತೆ ಅಂತ ತಿಳ್ಕೊಂಡು ಎರಡು ದಿನ ಊಟ ಬಿಟ್ಟಿದ್ದರಂತೆ. ಮೂರನೇ ದಿನ ಮೈದುನ ಮನೆ ವಾಟ್ಸಾಪ್ ಗ್ರೂಪಿಗೆ ಬಂದು, ರೋಕಾ ಅಂದ್ರೆ ದುಡ್ಡಲ್ಲ, ಇಬ್ಬರಿಗೂ ಬೇರೆ ಕಡೆ ನೋಡೋದನ್ನ ಇಲ್ಲಿಗೆ ‘ರೋಕ್’ ಮಾಡ್ತೀವಿ ಅಂತ ಎರಡೂ ಮನೆಯವರು ಸ್ವೀಟು ತಿನ್ನಿಸಿ ಮಾತು ಪಕ್ಕಾ ಮಾಡೋದು ಅಂತ ಬಿಡಿಸಿ ಹೇಳಿದ. ಅದಾದ ಮೇಲೆ ಕುಡ್ಮಾಯಿ, ಅಂದ್ರೆ ನಮ್ಮ ನಿಶ್ಚಿತಾರ್ಥ. ಕುಡಮ್ ಅಂದ್ರೆ ಬೀಗರು, ಅವರಾಗೋ ಕಾರ್ಯ ಕುಡ್ಮಾಯಿ. ಮಾವ ಎಲ್ಲಾ ಓದಿ ಒಂದು ಥಂಬ್ಸಪ್ ಹಾಕಿ ಸುಮ್ಮನಾದ್ರು.

ನಾನು ಮೈಸೂರಿನವಳು, ಮದುವೆಯಾಗಿ ಹುಬ್ಬಳ್ಳಿ ಸೇರಿದವಳು. ಹುಬ್ಬಳ್ಳಿ ಅಭ್ಯಾಸ ಆಗೋಕೆ ಐದು ವರ್ಷ ಬೇಕಾಯ್ತು, ಪಂಜಾಬಿಗೆ ಐದೇ ದಿನ ಕೊಟ್ರು. ಫೆಬ್ರವರಿಯಲ್ಲಿ ಹನ್ನೊಂದು ಜನ ದೆಹಲಿಗೆ ಹಾರಿ, ಅಮೃತಸರದ ಕಡೆ ಹೋಗೋ ಶತಾಬ್ದಿ ಹತ್ತಿ ಜಲಂಧರ್‌ನಲ್ಲಿ ಇಳಿದ್ವಿ. ಅಲ್ಲಿಂದ ಹಳ್ಳಿಗೆ ಕಾರು. ಬಿಯಾಸ್, ಸಟ್ಲೆಜ್ ಎರಡು ನದಿ ಮಧ್ಯದ ಈ ದೋಆಬಾ ಸೀಮೆಯಿಂದ ತುಂಬಾ ಜನ ಕೆನಡಾ, ಇಂಗ್ಲೆಂಡು ಸೇರ್ಕೊಂಡಿದ್ದಾರೆ. ಕೆಲವು ಮನೆ ತಾರಸಿ ಮೇಲೆ ನೀರಿನ ಟ್ಯಾಂಕು ವಿಮಾನದ ಆಕಾರದಲ್ಲಿದೆ, ಒಂದು ಕಡೆ ಫುಟ್‌ಬಾಲು. ನಮ್ಮ ಅಜ್ಜಿ, ಅಂದ್ರೆ ಗಂಡನ ಅಜ್ಜಿ, ಎಂಬತ್ತೆರಡು ವಯಸ್ಸು, ಕಿಟಕಿಯಿಂದ ಅದನ್ನ ನೋಡಿ "ಇಲ್ಲೂ ವಿಮಾನ ನಿಲ್ದಾಣ ಐತಿ, ಹಂಗಾದ್ರ ನಮ್ಮನ್ಯಾಕ ರೈಲಿನ್ಯಾಗ ತಂದ್ರಿ" ಅಂತ ಮೈದುನನಿಗೆ ಗದರಿದ್ರು.

ಮನೆ ಅಂಗಳದಲ್ಲಿ ಹಲ್ವಾಯಿ ಆಗ್ಲೇ ಮೂರು ದಿನದಿಂದ ಕಡಾಯಿ ಇಟ್ಟು ಕೂತಿದ್ದ. ಲಡ್ಡು, ಮಟ್ಠಿ, ಶಕ್ಕರ್‌ಪಾರೆ. ಬಂದವರ ಕೈಗೆಲ್ಲ ಡಬ್ಬ. ಹೆಣ್ಣಿನ ತಾಯಿ ತವರಿನವರು, ‘ನಾನಕೆ’ ಅಂತಾರೆ, ಅವರ ತಂಡ ಬಂದಾಗ ಬಾಗಿಲಲ್ಲೇ ತಡೆದು ಈ ಕಡೆ ಹೆಂಗಸರು ಹಾಡಿನಲ್ಲಿ ಮಾನ ತೆಗೀತಾರೆ, ಅದಕ್ಕೆ ಸಿಠ್ಣಿ ಅಂತ ಹೆಸರು. ನಮ್ಮಲ್ಲೂ ಬೀಗರನ್ನ ಹಾಡಲ್ಲಿ ಬೈತಾರಲ್ಲ, ಅದೇ ಪೈಕಿ, ವಾಲ್ಯೂಮ್ ಮಾತ್ರ ಎರಡರಷ್ಟು.

ಎಡವಟ್ಟು ಆಗಿದ್ದು ಅದೇ ಸಂಜೆ. ಹುಡುಗಿಯ ಮಾಮಾಜಿಯನ್ನ ನಮಗೆ ಪರಿಚಯ ಮಾಡಿಸಿದ್ರು. ಆರಡಿ ಎತ್ತರ, ಬಿಳಿ ಮೀಸೆ, ಎಲ್ಲರೂ ಎದ್ದು ನಿಲ್ತಾರೆ. ಅಜ್ಜಿಗೂ ಖುಷಿ, ಸೋದರಮಾವ ಅಂದ್ರೆ ನಮ್ಮಲ್ಲೂ ಮರ್ಯಾದೆ ತಾನೇ, ಮಂಟಪಕ್ಕೆ ಹುಡುಗೀನ ಕರ್ಕೊಂಡು ಬರೋನು ಅವನೇ. ಅಜ್ಜಿ ನನ್ನ ಸೆರಗು ಎಳೆದು, "ಕೇಳ, ಇವ್ರಿಗೆ ಗಂಡಮಕ್ಕಳಿಲ್ಲೇನು? ಇದ್ರ ಈ ಬಂಗಾರದಂಥಾ ಹುಡುಗೀನ ಹೊರಗ್ಯಾಕ ಕೊಡ್ತಾರ?" ಅಂದ್ರು. ನಂದೋ ದೂರದರ್ಶನ ನೋಡಿ ಕಲಿತ ಹಿಂದಿ. ಪ್ರಯಾಣದ ಸುಸ್ತು ಬೇರೆ. ಒಂಚೂರೂ ಯೋಚನೆ ಮಾಡದೆ ಅಕ್ಷರಕ್ಕಕ್ಷರ ಹೇಳಿಬಿಟ್ಟೆ: "ಆಪ್ ಕಾ ಬೇಟಾ ಹೈ ನಾ? ತೋ ಇಸ್ ಸೇ ಶಾದಿ ಕ್ಯೋಂ ನಹೀ ಕಿಯಾ?"

ಹಲ್ವಾಯಿ ಕೈಯಲ್ಲಿದ್ದ ಜಾಲರಿ ಸೌಟು ಕೂಡ ನಿಂತುಹೋಯ್ತು. ಅಲ್ಲಿ ಮಾಮಾನ ಮಗ ಅಂದ್ರೆ ಅಣ್ಣ, ರಾಖಿ ಕಟ್ಟಿಸ್ಕೊಳ್ಳೋ ಅಣ್ಣ. ನಾನು ಕೇಳಿದ್ದು ಎಂಥಾ ಮಾತು ಅಂತ ಮೈದುನನ ಮುಖ ನೋಡಿದ ಮೇಲೆ ಹೊಳೀತು. ಅಜ್ಜಿ ಮಾತ್ರ ನಿಲ್ಲಿಸ್ತಿಲ್ಲ, ಎದೆ ಮೇಲೆ ಕೈ ಇಟ್ಟು, "ನಾ ನಮ್ಮ ಸ್ವಾದರಮಾವನ್ನ ಮದವಿ ಆಗೇನಿ, ಐವತ್ತೆಂಟ ವರ್ಷ ಬಾಳೇವು ಮಾಡೇನಿ" ಅಂದ್ರು. ಇದನ್ನ ನಾನು ಖಂಡಿತ ಅನುವಾದ ಮಾಡ್ತಿರಲಿಲ್ಲ. ಆದ್ರೆ ಹುಡುಗಿಯ ಚಿಕ್ಕಪ್ಪನ ಮಗಳೊಬ್ಬಳು ನಾಲ್ಕು ವರ್ಷ ಬೆಂಗಳೂರಲ್ಲಿ ಓದಿದವಳು, ಪಾಪ ಸಹಾಯ ಮಾಡೋಣ ಅಂತ ನೀಟಾಗಿ ಪಂಜಾಬಿಗೆ ತಿರುಗಿಸಿ ಹೇಳಿಬಿಟ್ಟಳು. ನಮ್ಮ ಕಡೆ ಅಮ್ಮನ ತಮ್ಮನಿಗೂ ಗಂಡನ ಅಪ್ಪನಿಗೂ ‘ಮಾವ’ ಅನ್ನೋ ಒಂದೇ ಪದ ಇರೋದೇ ಆ ಸಂಬಂಧದಿಂದ, 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ರೂಢಿ ಇರೋ ಕಡೆ ಇದು ನಡೆಯುತ್ತೆ, ಇದನ್ನೆಲ್ಲ ಆ ಕ್ಷಣದಲ್ಲಿ ನನ್ನ ಹಿಂದಿಯಲ್ಲಿ ಹೇಳೋಕಾಗುತ್ತಾ ಹೇಳಿ. ಮಾಮಾಜಿ ಮೀಸೆ ಒರೆಸ್ಕೊಂಡು ಎದ್ದು ಹೋದ್ರು.

ಸ್ವಲ್ಪ ಹೊತ್ತಿಗೆ ಮೂಲೆ ಕುರ್ಚಿಯಲ್ಲಿ ಒಬ್ರು ಹಿರಿಯರು ಮುಖ ಊದಿಸ್ಕೊಂಡು, ಟೀ ಬೇಡ ಅಂತ ಕೂತಿದ್ದು ಕಂಡಿತು. ನಮ್ಮಿಂದಲೇ ಅಂತ ಹೋಗಿ ಕೈ ಮುಗಿದು ಕ್ಷಮೆ ಕೇಳಿದೆ. ಅವರು ಮುಖ ತಿರುಗಿಸಿದ್ರು. ಮತ್ತೆ ಕೇಳಿದೆ. ರಾತ್ರಿ ಊಟಕ್ಕೆ ಮುಂಚೆ ಇನ್ನೆರಡು ಸಲ, ಮಧ್ಯೆ ಒಂದ್ಸಲ ಧಾರವಾಡ ಪೇಡೆ ಸಮೇತ. ಪೇಡೆ ತಗೊಂಡ್ರು, ಮುಖ ಬದಲಾಗಲಿಲ್ಲ. ಕೊನೆಗೆ ಹುಡುಗಿನೇ ಬಂದು ಹೊಟ್ಟೆ ಹಿಡ್ಕೊಂಡು ನಗ್ತಾ, "ಭಾಭಿ, ಅವ್ರು ಫುಫ್ಫಡ್‌ಜೀ, ನಮ್ಮ ಅಪ್ಪನ ಅಕ್ಕನ ಗಂಡ. ಫುಫ್ಫಡ್ ಮುನಿಸ್ಕೊಂಡಿಲ್ಲ ಅಂದ್ರೆ ಪಂಜಾಬಲ್ಲಿ ಮದುವೇನೇ ಅಲ್ಲ, ಅವ್ರಿಗೆ ಟೀ ಮೊದಲು ಕೊಡ್ಲಿಲ್ಲ ಅಷ್ಟೇ" ಅಂದಳು. ನನ್ನ ನಾಲ್ಕು ಕ್ಷಮೆ, ಅರ್ಧ ಕೇಜಿ ಪೇಡೆ ದಂಡ.

ಮಾಮಾಜಿ ಕೋಪ ಮಾತ್ರ ಮರುದಿನ ಬೆಳಿಗ್ಗೆ ಇರಲಿಲ್ಲ, ಅವತ್ತು ಚೂಡಾ. ಕೆಂಪು ಬಿಳಿ ಬಳೆ, ಸಾಮಾನ್ಯವಾಗಿ ಇಪ್ಪತ್ತೊಂದು, ಹಿಂದೆ ಆನೆದಂತದ್ದು ಹಾಕ್ತಿದ್ರಂತೆ, ಈಗ ಪ್ಲಾಸ್ಟಿಕ್ಕು. ಮಾಮಾ-ಮಾಮಿ ಉಪವಾಸ ಇದ್ದು ತೊಡಿಸ್ತಾರೆ, ಹುಡುಗಿ ಬಳೆ ನೋಡಬಾರ್ದು ಅಂತ ಬಟ್ಟೆ ಮುಚ್ತಾರೆ. ತೊಡಿಸೋಕೆ ಮುಂಚೆ ಬಳೇನ ಹಾಲು ನೀರು ಬೆರೆಸಿದ್ದರಲ್ಲಿ ಅದ್ದಿ ಇಡ್ತಾರೆ, ಅದಕ್ಕೆ ಕಚ್ಚಿ ಲಸ್ಸಿ ಅಂತಾರೆ. ಹುಡುಗನ ಮನೆಯವರು ಅಲ್ಲಿ ಇರೋ ವಾಡಿಕೆ ಇಲ್ಲ, ಆದ್ರೆ ನಾವು ದೂರದಿಂದ ಬಂದವರು ಅಂತ ಕರೆದಿದ್ರು. ಕರೀಬಾರ್ದಿತ್ತು. ಪೂಜೆ ಪಕ್ಕದಲ್ಲಿ ಸ್ಟೀಲ್ ಜಗ್ಗು, ಯಾರೋ "ಲಸ್ಸಿ ಎಲ್ಲಿ?" ಅಂತ ಕೂಗಿದ್ದು ನನ್ನ ಗಂಡನ ಕಿವಿಗೆ ಬಿತ್ತು. ಪಂಜಾಬಿಗೆ ಬಂದು ಎರಡು ದಿನ ಆದ್ರೂ ಲಸ್ಸಿ ಸಿಕ್ಕಿಲ್ಲ ಅಂತ ಕೊರಗ್ತಿದ್ದ ಪ್ರಾಣಿ. ಜಗ್ಗು ಎತ್ತಿ ಅರ್ಧ ಕುಡಿದು ಬಾಯಿ ಒರೆಸ್ಕೊಂಡು, "ನಮ್ಮ ಮಜ್ಜಿಗೀನ ಇದಕ್ಕಿಂತ ಗಟ್ಟಿ ಇರತೈತಿ" ಅಂದ್ರು. ಆಗ ಮಾಮಾಜಿ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಅಜ್ಜಿ ಪಕ್ಕ ಕೂತ್ಕೊಂಡು "ಬೀಜೀ, ನಿಮ್ಮ ಸೋದರಮಾವ ಒಳ್ಳೇವ್ರಾಗಿದ್ರಾ?" ಅಂತ ಕೇಳಿಸಿದ್ರು. ಅಜ್ಜಿ ಉತ್ತರವಾಗಿ ಒಂದು ಒಡಪು ಕಟ್ಟಿ ತಾತನ ಹೆಸರು ಹೇಳಿದ್ರು, ನಾಚಿಕೆಯಿಂದ.

ರಾತ್ರಿ ಜಾಗೋ. ತಾಮ್ರದ ಬಿಂದಿಗೆ ಸುತ್ತ ಗೋಧಿ ಹಿಟ್ಟಿನ ದೀಪ ಅಂಟಿಸಿ, ಸಾಸಿವೆ ಎಣ್ಣೆ ಹಾಕಿ ಹಚ್ಚಿ, ಮಾಮಿ ತಲೆ ಮೇಲೆ ಹೊತ್ತು ಊರೆಲ್ಲ ಎಬ್ಬಿಸ್ತಾ ಹೋಗ್ತಾರೆ, ಪಕ್ಕದಲ್ಲಿ ಗೆಜ್ಜೆ ಕಟ್ಟಿದ ಕೋಲು ಕುಟ್ಟೋರು ಒಬ್ರು, ಮನೆ ಮನೆಯವರು ಬಂದು ದೀಪಕ್ಕೆ ಎಣ್ಣೆ ಹುಯ್ತಾರೆ. ನಾಲ್ಕನೇ ಮನೆ ಹತ್ರ ಮಾಮಿ ತಟಕ್ಕನೆ ಬಿಂದಿಗೆ ನನ್ನ ತಲೆ ಮೇಲಿಟ್ರು. ನಾನು ಜೀವಮಾನದಲ್ಲಿ ತಲೆ ಮೇಲೆ ಹೊತ್ತಿದ್ದು ಅಂದ್ರೆ ಹೆಲ್ಮೆಟ್ಟು. ಬಿಸಿ ಎಣ್ಣೆ ಒಂದೊಂದೇ ತೊಟ್ಟು ಕಿವಿ ಹಿಂದೆ ಇಳೀತಿದೆ, ಕತ್ತು ಅಲ್ಲಾಡಿಸೋ ಹಾಗಿಲ್ಲ, ಸುತ್ತ ನಿಂತೋರು "ಭಾಭಿ, ಬೋಲಿ! ಬೋಲಿ!" ಅಂತಾವ್ರೆ. ಬೋಲಿ ಅಂದ್ರೆ ಎರಡು ಸಾಲು ಕಟ್ಟಿ ಹಾಡೋದು. ತಲೆಯಲ್ಲಿ ಎಣ್ಣೆ ಬಿಟ್ರೆ ಏನೂ ಇಲ್ಲ. ಕೊನೆಗೆ ನಾಲಿಗೆ ಮೇಲೆ ಬಂದಿದ್ದು ಹದಿಮೂರರ ಮಗ್ಗಿ. "ಹದಿಮೂರೊಂದ್ಲಿ ಹದಿಮೂರು" ಅಂತ ರಾಗ ಎಳೆದೆ, "ಹೋಯ್!" ಅಂದ್ರು. "ಹದಿಮೂರೆರಡ್ಲಿ ಇಪ್ಪತ್ತಾರು", "ಹೋಯ್ ಹೋಯ್!" ಢೋಲಿಗೆ ಎಷ್ಟು ಚೆನ್ನಾಗಿ ಕೂರುತ್ತೆ ಅಂದ್ರೆ ಮಗ್ಗಿ ಬರೆದವರಿಗೇ ಗೊತ್ತಿರಲಿಕ್ಕಿಲ್ಲ. ಫುಫ್ಫಡ್‌ಜೀ ಕೂಡ ಹದಿಮೂರೈದ್ಲಿ ಹತ್ರ ಕುಣಿಯೋಕೆ ಶುರು ಮಾಡಿದ್ರು.

ಮದುವೆ ದಿನ ದಿಬ್ಬಣ ಹೊರಡೋಕೆ ಮುಂಚೆ ಅತ್ತಿಗೆ ಆದವಳು ಮದುಮಗನ ಕಣ್ಣಿಗೆ ಸುರ್ಮಾ ಹಚ್ಚಬೇಕು. ನಾನು ಸಣ್ಣ ಕಡ್ಡಿಯಲ್ಲಿ ಹಚ್ಚೋಕೂ ಅವನು ಸೀನೋಕೂ ಸರಿ ಹೋಯ್ತು. "ವೈನೀ, ಕಣ್ಣು ಹೋತು!" ಅಂತ ಚೀರಿದ. ಸೆಹ್ರಾ ಹೂವಿನ ಎಳೆಗಳ ಹಿಂದಿಂದ ಧಾರಾಕಾರ ಕಣ್ಣೀರು, ಹೆಣ್ಣಿನ ಕಡೆ ಹೆಂಗಸರು "ಹಾಯ್, ಎಷ್ಟು ಮೆದು ಮನಸ್ಸು" ಅಂತ ತಾವೂ ಅತ್ರು. ಆಲ್ಬಮ್ ಪೂರ್ತಿ ಒಂದು ಕಣ್ಣು ಕೆಂಪು.

ಸುರ್ಮಾ ಹಚ್ಚಿದ್ದಕ್ಕೆ ಭಾಭಿಗೆ ನೇಗ್, ಅಂದ್ರೆ ಉಡುಗೊರೆ ದುಡ್ಡು, ಕೊಡಬೇಕು, ಜಗಳ ಆಡಿ ಚೌಕಾಸಿ ಮಾಡಿ ಜಾಸ್ತಿ ಕಿತ್ಕೊಳ್ಳೋದೇ ಅಲ್ಲಿ ಶಾಸ್ತ್ರ. ಇದನ್ನ ಯಾರೋ ಮಾವನಿಗೆ ಹೇಳಿಕೊಟ್ಟಿದ್ರು, ಕವರ್ ಹಿಡ್ಕೊಂಡು ಬಂದ್ರು, ದಪ್ಪನೇ ಕವರು. ನಾನು ಮೈಸೂರಿನವಳಲ್ವಾ, ಮೂರು ಸಲ ಬೇಡ ಅಂದು ನಾಲ್ಕನೇ ಸಲ ತಗೊಳ್ಳೋ ಸಂಪ್ರದಾಯ. "ಅಯ್ಯೋ, ಇದೆಲ್ಲ ಯಾಕೆ ಮಾವ" ಅಂದೆ. "ಹೌದಲ್ಲ" ಅಂತ ಕವರು ಜೇಬಿಗೆ ಹೋಯ್ತು. ಪಂಜಾಬಿ ಹೆಂಗಸರು "ಮಾಂಗೋ ಭಾಭಿ, ಮಾಂಗೋ!" ಅಂತ ಹಿಂದಿನಿಂದ ತಿವೀತಾನೇ ಇದ್ರು, ಕುದುರೆ ಹೊರಟೇ ಹೋಯ್ತು. ಈಗಲೂ ಹಬ್ಬಕ್ಕೆ ಎಲ್ಲ ಸೇರಿದಾಗ ಆ ಕವರಿನ ವಿಷಯ ಎತ್ತಿ ನೋಡ್ತೀನಿ. ಮಾವ ಪೇಪರ್ ಮಡಚಿ ನಿಧಾನಕ್ಕೆ, "ಹಮಾರೇ ಮೇ ರೊಕ್ಕಾ-ಗಿಕ್ಕಾ ಕುಛ್ ನಹೀ" ಅಂತಾರೆ.